ಡಬಲ್ ಕ್ಲಿಕ್ ಮಾಡಿದರೂ ಆ್ಯಪ್ ಯಾಕೆ ತೆರೆಯಲ್ಲ?

(ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಗೊತ್ತಿರುವವರು ಅಂತ ಒಮ್ಮೆ ಹೆಸರು ಬಿದ್ದರೆ ಸಾಕು, ಫೋನ್ ಬರಲು ಶುರುವಾಗುತ್ತದೆ. "ಆ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ ಸರ್." ಸರಿ, ಏನಾಗ್ತಿದೆ? "ಏನೂ ಆಗ್ತಿಲ್ಲ." ಆಮೇಲೆ ವಿಚಾರಿಸಿದರೆ ಅವರು ಆಗಲೇ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕಿ, ಎಲ್ಲೋ ಸಿಕ್ಕ ಒಂದು ಡಿಎಲ್ಎಲ್ ಫೈಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಇರುವ ಫೈಲ್) ಇಳಿಸಿ, ಯಾವುದೋ ವಿಡಿಯೋ ನೋಡಿ ನಾಲ್ಕು ಕಮಾಂಡ್ ಓಡಿಸಿ ಮುಗಿಸಿರುತ್ತಾರೆ. ಈಗ ಮೂಲ ತೊಂದರೆ ಯಾವುದು, ಆಮೇಲೆ ಹುಟ್ಟಿದ ತೊಂದರೆ ಯಾವುದು ಅಂತ ಬಿಡಿಸುವುದೇ ಕಷ್ಟ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಆ್ಯಪ್ ತೆರೆಯದಿದ್ದಾಗ ಏನು ಮಾಡಬೇಕು ಅನ್ನುವುದಕ್ಕಿಂತ ಮೊದಲು, ಅದು ಎಲ್ಲಿಯವರೆಗೆ ಬಂದು ನಿಂತಿತು ಅಂತ ನೋಡಬೇಕು. ನಿಂತ ಜಾಗ ಗೊತ್ತಾದರೆ ನೋಡಬೇಕಾದ ಕಾರಣಗಳು ತೀರಾ ಕಡಿಮೆಯಾಗುತ್ತವೆ. ಗೊತ್ತಿಲ್ಲದೆ ಕೈ ಹಾಕಿದರೆ ಅದೃಷ್ಟ ಇದ್ದರೆ ಸರಿ ಹೋಗುತ್ತದೆ, ಆದರೆ ಯಾಕೆ ಸರಿ ಹೋಯಿತು ಅಂತ ಗೊತ್ತಾಗಲ್ಲ, ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಜಾಸ್ತಿ ಮಾತು ವಿಂಡೋಸ್ ಬಗ್ಗೆಯೇ ಇರುತ್ತದೆ. ಮ್ಯಾಕ್ ಮತ್ತು ಲಿನಕ್ಸ್ ಬಗ್ಗೆ ಕೊನೆಯ ಹೊತ್ತಿಗೆ ಸ್ವಲ್ಪ ಹೇಳುತ್ತೇನೆ.

ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದ ಮೇಲೆ ಒಳಗೆ ಏನೇನು ನಡೆಯುತ್ತದೆ ಅಂತ ಬೇಗ ನೋಡಿಬಿಡೋಣ. ಡೆಸ್ಕ್‌ಟಾಪ್ ಮೇಲಿರುವುದು ಬರೀ ಶಾರ್ಟ್‌ಕಟ್. ಅದು ನಿಜವಾದ ಇಎಕ್ಸ್ಇ ಫೈಲ್, ಅಂದರೆ ಪ್ರೋಗ್ರಾಮಿನ ಮೂಲ ಫೈಲ್, ಎಲ್ಲಿದೆ ಅಂತ ತೋರಿಸುತ್ತದೆ. ಆ ಫೈಲನ್ನು ಓಡಿಸಬಹುದಾ ಅಂತ ವಿಂಡೋಸಿನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ಮತ್ತು ಆ್ಯಂಟಿವೈರಸ್ ನೋಡುತ್ತವೆ. ಒಪ್ಪಿಗೆ ಸಿಕ್ಕರೆ ವಿಂಡೋಸ್ ಒಂದು ಹೊಸ ಪ್ರೋಸೆಸ್, ಅಂದರೆ ಆ ಪ್ರೋಗ್ರಾಮಿನ ಓಡುವ ಪ್ರತಿ, ಹುಟ್ಟಿಸುತ್ತದೆ. ಆಮೇಲೆ ಲೋಡರ್ ಅನ್ನುವ ಭಾಗ ಬಂದು, ಈ ಪ್ರೋಗ್ರಾಮಿಗೆ ಯಾವ ಯಾವ ಡಿಎಲ್ಎಲ್ ಬೇಕು ಅಂತ ಪಟ್ಟಿ ಓದಿ, ಒಂದೊಂದನ್ನೂ ಹುಡುಕಿ ಮೆಮೊರಿಗೆ ತರುತ್ತದೆ. ಇಷ್ಟಾಗುವವರೆಗೂ ಆ ಪ್ರೋಗ್ರಾಂ ಬರೆದವರ ಒಂದೇ ಒಂದು ಸಾಲು ಕೋಡ್ ಕೂಡ ಸಾಮಾನ್ಯವಾಗಿ ಓಡಿರುವುದಿಲ್ಲ. ಇದಾದ ಮೇಲೆ ಪ್ರೋಗ್ರಾಂ ತಾನೇ ಎದ್ದು, ನಾನು ಮೊದಲೇ ಓಡುತ್ತಿದ್ದೇನಾ ಅಂತ ನೋಡಿಕೊಂಡು, ತನ್ನ ಸೆಟ್ಟಿಂಗ್ಸ್ ಓದಿ, ಪ್ಲಗಿನ್‌ಗಳನ್ನು ಎಬ್ಬಿಸಿ, ಲೈಸೆನ್ಸ್ ಇದ್ದರೆ ಪರೀಕ್ಷಿಸಿ, ಗ್ರಾಫಿಕ್ಸ್ ಡ್ರೈವರನ್ನು ಮಾತಾಡಿಸಿ, ಕೊನೆಗೆ ಕಿಟಕಿ ಬಿಡಿಸುತ್ತದೆ. ಆ ಕೊನೆಯದನ್ನು ಮಾತ್ರ ನಾವು "ಓಪನ್ ಆಯ್ತು" ಅನ್ನುತ್ತೇವೆ.

ಹಾಗಾದರೆ ಎಲ್ಲಿ ನಿಂತಿತು ಅಂತ ನೋಡುವುದು ಹೇಗೆ? ಟಾಸ್ಕ್ ಮ್ಯಾನೇಜರ್ ಇದೆಯಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಡೀಟೇಲ್ಸ್ ಪುಟಕ್ಕೆ ಹೋಗಿ ಹೆಸರಿನ ಪ್ರಕಾರ ಜೋಡಿಸಿ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಆ್ಯಪ್ ಮೇಲೆ ಡಬಲ್ ಕ್ಲಿಕ್ ಮಾಡಿ, ಕಣ್ಣು ಪಟ್ಟಿಯ ಮೇಲಿರಲಿ. ಹೆಸರು ಪಟ್ಟಿಗೆ ಬರಲೇ ಇಲ್ಲವಾ? ಬಂದು ಒಂದೆರಡು ಸೆಕೆಂಡಿನಲ್ಲಿ ಮಾಯವಾಯಿತಾ? ಬಂದು ಅಲ್ಲೇ ಕೂತಿದೆ, ಆದರೆ ಕಿಟಕಿ ಕಾಣಲ್ಲವಾ? ಅಥವಾ ಕಿಟಕಿ ಬಂದು ಬೆಳ್ಳಗೆ ನಿಂತುಬಿಟ್ಟಿದೆಯಾ? ಫೋನಿನಲ್ಲಿ ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದೊಂದಾಗಿ ನೋಡೋಣ. ಸುಲಭವಾಗಿ ಸಿಗುವುದರಿಂದ ಶುರು ಮಾಡುತ್ತೇನೆ, ಅಂದರೆ ಹೆಸರು ಪಟ್ಟಿಯಲ್ಲಿ ಕೂತಿದೆ, ಕಿಟಕಿ ಮಾತ್ರ ಇಲ್ಲ.

ಇದರಲ್ಲಿ ಬಹಳ ಸಲ ಆಗಿರುವುದು ಏನು ಅಂದರೆ, ಹಿಂದೆ ಯಾವಾಗಲೋ ತೆರೆದಿದ್ದ ಅದೇ ಪ್ರೋಗ್ರಾಂ ಸರಿಯಾಗಿ ಮುಚ್ಚಿಕೊಂಡೇ ಇರಲ್ಲ. ಅನೇಕ ಆ್ಯಪ್‌ಗಳು ಒಂದು ಸಲಕ್ಕೆ ಒಂದೇ ಪ್ರತಿ ಓಡಲಿ ಅಂತ ಗುರುತು ಇಟ್ಟುಕೊಂಡಿರುತ್ತವೆ. ನೀವು ಎರಡನೇ ಸಲ ಕ್ಲಿಕ್ ಮಾಡಿದಾಗ ಹೊಸ ಪ್ರತಿ ಎದ್ದು, "ಓ, ಆಗಲೇ ಒಂದು ಇದೆ, ಅದೇ ಮುಂದೆ ಬರಲಿ" ಅಂತ ಅದಕ್ಕೆ ಹೇಳಿ ತಾನು ಸುಮ್ಮನೆ ಮುಚ್ಚಿಕೊಳ್ಳುತ್ತದೆ. ಹಳೆಯದು ಮರಗಟ್ಟಿ ಕೂತಿರುವುದರಿಂದ ಮುಂದೆ ಬರಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಹೆಸರಿನ ಎಲ್ಲ ಸಾಲುಗಳನ್ನೂ ಎಂಡ್ ಟಾಸ್ಕ್ ಮಾಡಿ ಮತ್ತೆ ತೆರೆದರೆ ಮುಗಿಯಿತು. ಎಲ್ಲ ಸಾಲು ಅಂತ ಯಾಕೆ ಹೇಳಿದೆ ಅಂದರೆ, ಈಗಿನ ಚಾಟ್ ಆ್ಯಪ್‌ಗಳು, ಬ್ರೌಸರ್‌ಗಳು ಒಂದಕ್ಕೇ ಐದಾರು ಪ್ರೋಸೆಸ್ ಇಟ್ಟುಕೊಂಡಿರುತ್ತವೆ.

ಇನ್ನು ಕೆಲವು ಪ್ರೋಗ್ರಾಂಗಳು ಈ ಗುರುತನ್ನು ಒಂದು ಫೈಲ್ ಆಗಿ ಡಿಸ್ಕಿನಲ್ಲಿ ಬರೆದಿಡುತ್ತವೆ, ಲಾಕ್ ಫೈಲ್ ಅಂತ. ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರ್ ಅಂತ ಆರಿದರೆ ಈ ಫೈಲನ್ನು ಅಳಿಸುವವರು ಯಾರೂ ಇರಲ್ಲ. ಕೋಣೆಯೊಳಗೆ ಯಾರೂ ಇಲ್ಲ, ಚಿಲಕ ಮಾತ್ರ ಒಳಗಿಂದ ಹಾಕಿಕೊಂಡಿದೆ, ಅಂಥ ಪರಿಸ್ಥಿತಿ. ಲಿಬ್ರೆಆಫೀಸ್ ತನ್ನ ಪ್ರೊಫೈಲ್ ಫೋಲ್ಡರಿನಲ್ಲಿ ಇಂಥದ್ದೊಂದು ಲಾಕ್ ಫೈಲ್ ಇಡುತ್ತದೆ, ಫೈರ್‌ಫಾಕ್ಸ್ ಕೂಡ ಇಡುತ್ತದೆ. ಮೊದಲು ಪ್ರೋಸೆಸ್ ಯಾವುದೂ ಓಡುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ, ಆಮೇಲೆ ಆ ಲಾಕ್ ಫೈಲ್ ಅಳಿಸಿ. ಓಡುತ್ತಿರುವಾಗಲೇ ಅಳಿಸಿದರೆ ಎರಡು ಪ್ರತಿಗಳು ಒಂದೇ ಪ್ರೊಫೈಲಿಗೆ ಬರೆಯುತ್ತಾ ಎಲ್ಲವನ್ನೂ ಹಾಳು ಮಾಡಬಹುದು.

ಇದೇ ಗುಂಪಿನಲ್ಲಿ ಇನ್ನೊಂದು ತಮಾಷೆಯ ತೊಂದರೆ ಇದೆ. ಆ್ಯಪ್ ಸರಿಯಾಗಿಯೇ ತೆರೆದಿರುತ್ತದೆ, ಆದರೆ ಕಿಟಕಿ ಪರದೆಯ ಹೊರಗೆ ಇರುತ್ತದೆ! ಎರಡು ಮಾನಿಟರ್ ಇಟ್ಟುಕೊಂಡವರು ಒಂದನ್ನು ತೆಗೆದಾಗ ಹೀಗಾಗುತ್ತದೆ. ಆ್ಯಪ್ ತನ್ನ ಹಳೆಯ ಜಾಗ ನೆನಪಿಟ್ಟುಕೊಂಡು, ಇಲ್ಲದ ಮಾನಿಟರಿನ ಮೇಲೆ ಕಿಟಕಿ ಬಿಡಿಸುತ್ತದೆ. ಟಾಸ್ಕ್‌ಬಾರಿನಲ್ಲಿ ಐಕಾನ್ ಇದೆ, ಆಲ್ಟ್ ಟ್ಯಾಬ್ ಒತ್ತಿದರೂ ಕಾಣುತ್ತದೆ, ಪರದೆಯ ಮೇಲೆ ಮಾತ್ರ ಇಲ್ಲ ಅಂದರೆ ಇದೇ. ಟಾಸ್ಕ್‌ಬಾರಿನ ಐಕಾನ್ ಒತ್ತಿ ಅದನ್ನು ಆರಿಸಿಕೊಂಡು, ವಿಂಡೋಸ್ ಮತ್ತು ಶಿಫ್ಟ್ ಕೀ ಹಿಡಿದು ಎಡ ಅಥವಾ ಬಲ ಬಾಣ ಒತ್ತಿ ನೋಡಿ. ಬರದಿದ್ದರೆ ಆಲ್ಟ್ ಜೊತೆ ಸ್ಪೇಸ್, ಆಮೇಲೆ ಎಂ ಅಕ್ಷರ, ಆಮೇಲೆ ಒಂದು ಬಾಣದ ಕೀ, ಆಮೇಲೆ ಮೌಸ್ ಅಲ್ಲಾಡಿಸಿ. ಕಿಟಕಿ ಮೌಸಿಗೆ ಅಂಟಿಕೊಂಡು ಬರುತ್ತದೆ.

ಕಿಟಕಿ ಬರಲು ತುಂಬಾ ಹೊತ್ತು ಹಿಡಿಯುತ್ತದೆ ಅಂದರೆ ಅದು ಯಾರನ್ನೋ ಕಾಯುತ್ತಿದೆ ಅಂತ ಅರ್ಥ. ಕಳೆದ ಸಲ ತೆರೆದಿದ್ದ ಫೈಲ್ ನೆಟ್‌ವರ್ಕ್ ಡ್ರೈವಿನಲ್ಲಿತ್ತು, ಈಗ ಆ ಡ್ರೈವ್ ಇಲ್ಲ. ಅಥವಾ, ಇದನ್ನು ಯಾರೂ ಊಹಿಸಲ್ಲ, ಡೀಫಾಲ್ಟ್ ಪ್ರಿಂಟರ್ ಆಫ್ ಆಗಿರುವ ನೆಟ್‌ವರ್ಕ್ ಪ್ರಿಂಟರ್ ಆಗಿರುತ್ತದೆ. ವರ್ಡ್, ಎಕ್ಸೆಲ್ ಥರದವು ಪುಟದ ಅಳತೆ ತಿಳಿಯಲು ಪ್ರಿಂಟರನ್ನು ಮಾತಾಡಿಸುತ್ತವೆ, ಉತ್ತರ ಬರುವವರೆಗೆ ಕಾಯುತ್ತವೆ. ಡೀಫಾಲ್ಟ್ ಪ್ರಿಂಟರನ್ನು ಪಿಡಿಎಫ್ ಪ್ರಿಂಟರಿಗೆ ಬದಲಾಯಿಸಿ ನೋಡುವುದು ಅರ್ಧ ನಿಮಿಷದ ಕೆಲಸ.

ಈಗ ಎರಡನೆಯದು. ಹೆಸರು ಬರಲೇ ಇಲ್ಲ, ಅಥವಾ ಬಂದ ಕ್ಷಣವೇ ಒಂದು ಎರರ್ ಪೆಟ್ಟಿಗೆ ಬಂತು. ಇಲ್ಲಿ ಪ್ರೋಗ್ರಾಂ ಇನ್ನೂ ಎದ್ದೇ ಇಲ್ಲ, ಎಬ್ಬಿಸುವವರೇ ಸೋತಿದ್ದಾರೆ.

ಶಾರ್ಟ್‌ಕಟ್ ಹಳೆಯದಾಗಿರಬಹುದು. ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿ, ಇಎಕ್ಸ್ಇ ನಿಜವಾಗಿ ಅಲ್ಲಿದೆಯಾ ನೋಡಿ. ಇಲ್ಲದಿದ್ದರೆ ಆ್ಯಂಟಿವೈರಸ್ ಎತ್ತಿಟ್ಟಿರಬಹುದು. ವಿಂಡೋಸ್ ಸೆಕ್ಯುರಿಟಿ ತೆರೆದು ಪ್ರೊಟೆಕ್ಷನ್ ಹಿಸ್ಟರಿ ನೋಡಿದರೆ ಯಾವತ್ತು ಯಾವ ಫೈಲ್ ಎತ್ತಿಟ್ಟಿದೆ ಅಂತ ಬರೆದಿರುತ್ತದೆ. ತಯಾರಕರ ತಾಣದಿಂದಲೇ ಇಳಿಸಿದ್ದು ಅಂತ ಖಾತ್ರಿ ಇದ್ದರೆ ಮಾತ್ರ ವಾಪಸ್ ತನ್ನಿ. ಪುಕ್ಕಟೆ ಕ್ರ್ಯಾಕ್ ಹಾಕಿದ ಸಾಫ್ಟ್‌ವೇರ್ ಆಗಿದ್ದರೆ, ಕ್ಷಮಿಸಿ, ಆ್ಯಂಟಿವೈರಸ್ ತನ್ನ ಕೆಲಸ ಮಾಡಿದೆ ಅಷ್ಟೇ.

ಇಂಟರ್ನೆಟ್‌ನಿಂದ ಬಂದ ಫೈಲುಗಳ ಮೇಲೆ ವಿಂಡೋಸ್ ಕಣ್ಣಿಗೆ ಕಾಣದ ಒಂದು ಗುರುತು ಹಾಕಿರುತ್ತದೆ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಕೆಳಗೆ ಅನ್‌ಬ್ಲಾಕ್ ಅಂತ ಒಂದು ಚೌಕ ಕಾಣುವುದು ಅದಕ್ಕೇ. ಜಿಪ್ ಫೈಲಾದರೆ ಬಿಚ್ಚುವ ಮೊದಲೇ ಅನ್‌ಬ್ಲಾಕ್ ಮಾಡಿ, ಇಲ್ಲದಿದ್ದರೆ ಆ ಗುರುತು ಒಳಗಿನ ಫೈಲುಗಳಿಗೂ ಅಂಟಿಕೊಳ್ಳಬಹುದು. ಜಿಪ್ ಅಂದಾಗ ನೆನಪಾಯಿತು. ಜಿಪ್ ಒಳಗೆ ಇಣುಕಿ ಅಲ್ಲಿಂದಲೇ ಇಎಕ್ಸ್ಇ ಮೇಲೆ ಡಬಲ್ ಕ್ಲಿಕ್ ಮಾಡುವವರು ತುಂಬಾ ಜನ. ಆಗ ವಿಂಡೋಸ್ ಆ ಒಂದು ಫೈಲನ್ನು ಮಾತ್ರ ತಾತ್ಕಾಲಿಕ ಜಾಗಕ್ಕೆ ಬಿಚ್ಚಿ ಓಡಿಸುತ್ತದೆ. ಪಕ್ಕದಲ್ಲಿ ಇರಬೇಕಾದ ಡಿಎಲ್ಎಲ್‌ಗಳೆಲ್ಲ ಜಿಪ್ ಒಳಗೇ ಉಳಿಯುತ್ತವೆ. ತೆರೆಯುವುದಾದರೂ ಹೇಗೆ? ಪೂರ್ತಿ ಬಿಚ್ಚಿ, ಆಮೇಲೆ ಓಡಿಸಿ.

ಇನ್ನು ಡಿಎಲ್ಎಲ್ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಜಾಸ್ತಿ ಕೆಡಿಸಿಕೊಳ್ಳುವುದು ಇಲ್ಲೇ.

"ಎಂಎಸ್‌ವಿಸಿಪಿ140 ಡಾಟ್ ಡಿಎಲ್ಎಲ್ ಇಲ್ಲ" ಅಂತಲೋ "ವಿಸಿರನ್‌ಟೈಮ್140 ಡಾಟ್ ಡಿಎಲ್ಎಲ್ ಇಲ್ಲ" ಅಂತಲೋ ಪೆಟ್ಟಿಗೆ ಬರುತ್ತದೆ. ಜನ ಆ ಹೆಸರನ್ನು ಹಾಗೇ ಹುಡುಕಿ, ಡಿಎಲ್ಎಲ್ ಹಂಚುವ ಯಾವುದೋ ತಾಣದಿಂದ ಇಳಿಸಿ ಸಿಸ್ಟಮ್32 ಫೋಲ್ಡರಿಗೆ ಹಾಕುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಯಾವ ಆವೃತ್ತಿಯೋ, ಅದರೊಳಗೆ ಏನಿದೆಯೋ ಗೊತ್ತಿಲ್ಲ. ಈ ಫೈಲುಗಳು ಮೈಕ್ರೋಸಾಫ್ಟಿನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನುವ ಕಂತೆಯಲ್ಲಿ ಬರುತ್ತವೆ, ಅದು ಮೈಕ್ರೋಸಾಫ್ಟ್ ತಾಣದಲ್ಲೇ ಉಚಿತ. ಯಾವ ವರ್ಷದ ಕಂತೆ ಬೇಕು ಅಂತ ಹೆಸರಿನಲ್ಲಿರುವ ಅಂಕಿಯೇ ಹೇಳುತ್ತದೆ. 100 ಇದ್ದರೆ 2010ರದ್ದು, 110 ಇದ್ದರೆ 2012ರದ್ದು, 120 ಇದ್ದರೆ 2013ರದ್ದು. 140 ಇದ್ದರೆ 2015, 2017, 2019, 2022 ನಾಲ್ಕಕ್ಕೂ ಸೇರಿ ಒಂದೇ ಕಂತೆ. ಹಳೆಯದನ್ನು ಹೊಸದು ತುಂಬಿಕೊಡಲ್ಲ. ಅಂದರೆ 2022ರ ಕಂತೆ ಇದೆ ಅಂತ 120 ಕೇಳುವ ಆ್ಯಪ್ ಓಡಲ್ಲ. ಕಂಟ್ರೋಲ್ ಪ್ಯಾನೆಲಿನಲ್ಲಿ ಏಳೆಂಟು ವಿಷುವಲ್ ಸಿ ಪ್ಲಸ್ ಪ್ಲಸ್ ಕಂಡು, ಇಷ್ಟೊಂದು ಯಾಕೆ ಅಂತ ಅಳಿಸಿಬಿಡುವವರು ಇದ್ದಾರಲ್ಲ, ಅವರಿಗೆ ಮಾರನೇ ದಿನ ಆ್ಯಪ್‌ಗಳು ತೆರೆಯದಿರುವುದು ಇದಕ್ಕೇ.

ಪ್ರತಿ ಕಂತೆಗೂ 32 ಬಿಟ್ ಮತ್ತು 64 ಬಿಟ್ ಅಂತ ಎರಡು ರೂಪ. 64 ಬಿಟ್ ವಿಂಡೋಸ್ ಇದೆ ಅಂತ 64 ಬಿಟ್ ಕಂತೆ ಒಂದನ್ನೇ ಹಾಕಿದರೆ 32 ಬಿಟ್ ಆ್ಯಪ್‌ಗೆ ಅದು ಉಪಯೋಗಕ್ಕೆ ಬರಲ್ಲ. ಎರಡನ್ನೂ ಹಾಕಿ. ಮಜಾ ಏನು ಅಂದರೆ, 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಅನ್ನುವ ಫೋಲ್ಡರಿನಲ್ಲಿರುವುದು 64 ಬಿಟ್ ಫೈಲುಗಳು, ಸಿಸ್‌ವೌ64 ಅನ್ನುವ ಫೋಲ್ಡರಿನಲ್ಲಿರುವುದು 32 ಬಿಟ್ ಫೈಲುಗಳು! ಹೆಸರು ನೋಡಿ ಡಿಎಲ್ಎಲ್ ಹಾಕಿದವರು ತಪ್ಪು ಜಾಗಕ್ಕೆ ಹಾಕದೆ ಇನ್ನೇನು ಮಾಡುತ್ತಾರೆ? ಹಾಗೆ ಬೆರೆತಾಗ ಬರುವ ಎರರ್ ಸಂಖ್ಯೆ 0ಎಕ್ಸ್‌ಸಿ000007ಬಿ. ಕೊನೆಯ 7ಬಿ ನೆನಪಿಟ್ಟುಕೊಂಡರೆ ಸಾಕು. ಈ ಸಂಖ್ಯೆ ಕಂಡರೆ 32 ಮತ್ತು 64 ಎಲ್ಲೋ ಬೆರೆತಿವೆ, ಅಥವಾ ಡಿಎಲ್ಎಲ್ ಕೆಟ್ಟಿದೆ ಅಂತ ಮೊದಲು ಅನುಮಾನ ಪಡಿ. ಕೊನೆಗೆ 135 ಇದ್ದರೆ ಡಿಎಲ್ಎಲ್ ಸಿಗಲಿಲ್ಲ ಅಂತ, 142 ಇದ್ದರೆ ಸಿಕ್ಕಿತು ಆದರೆ ಅದು ಎದ್ದೇಳಲು ಸೋತಿತು ಅಂತ.

"ಪ್ರೊಸೀಜರ್ ಎಂಟ್ರಿ ಪಾಯಿಂಟ್ ಸಿಗಲಿಲ್ಲ" ಅನ್ನುವ ಪೆಟ್ಟಿಗೆಯೂ ಇದೇ ಕುಟುಂಬದ್ದು. ಡಿಎಲ್ಎಲ್ ಇದೆ, ಆದರೆ ಆ್ಯಪ್ ಕೇಳಿದ ಕೆಲಸ ಅದಕ್ಕೆ ಬರಲ್ಲ. ಕೇಳಿದ್ದು ಕರ್ನಲ್32 ಎಂಬ ವಿಂಡೋಸಿನದೇ ಡಿಎಲ್ಎಲ್ ಅನ್ನು ಅಂತ ಪೆಟ್ಟಿಗೆಯಲ್ಲಿ ಇದ್ದರೆ ನಿಮ್ಮ ವಿಂಡೋಸ್ ಆ ಆ್ಯಪ್‌ಗೆ ಹಳೆಯದಾಯಿತು ಅಂತಲೇ ಬಹುಪಾಲು ಅರ್ಥ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿತು, 2023ರ ಫೆಬ್ರವರಿಯಲ್ಲಿ ಬಂದ 110 ಅಲ್ಲಿ ಓಡಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಈ ಪೆಟ್ಟಿಗೆ ಮುಂದೆ ಅಲ್ಲೂ ಕಾಣಿಸಿಕೊಳ್ಳಬಹುದು. ಇದರ ಉಲ್ಟಾ ಕೂಡ ಇದೆ. ತೀರಾ ಹಳೆಯ 16 ಬಿಟ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸಿನಲ್ಲಿ ಓಡಲ್ಲ, ಕಂಪಾಟಿಬಿಲಿಟಿ ಪುಟದಲ್ಲಿ ಏನು ಟಿಕ್ ಮಾಡಿದರೂ ಅಷ್ಟೇ. ಅವಕ್ಕೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ವರ್ಚುವಲ್ ಮಷೀನ್ ಅಥವಾ ಡಾಸ್‌ಬಾಕ್ಸ್ ಥರದ್ದು ಬೇಕು.

ಇಲ್ಲಿ ಒಬ್ಬರು ಕೇಳಿದರು: "ಸರ್, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿದರೆ ತೆರೆಯುತ್ತೆ, ಹಾಗೇ ಇಟ್ಟುಕೊಂಡರೆ ಆಗಲ್ವಾ?"

ಪರೀಕ್ಷೆ ಮಾಡಲು ಒಳ್ಳೆಯದು, ಇಟ್ಟುಕೊಳ್ಳಲು ಅಲ್ಲ. ಅಡ್ಮಿನ್ ಆಗಿ ತೆರೆದರೆ ತೆರೆಯುತ್ತೆ ಅಂದರೆ, ಆ ಆ್ಯಪ್ ಯಾವುದೋ ಫೋಲ್ಡರಿಗೆ ಬರೆಯಲು ಹೋಗಿ ಅನುಮತಿ ಸಿಗದೆ ಸೋಲುತ್ತಿದೆ ಅಂತ ಸುಳಿವು ಸಿಕ್ಕಿತು. ಅದನ್ನು ಸರಿ ಮಾಡಿ. ಯಾವಾಗಲೂ ಅಡ್ಮಿನ್ ಆಗಿ ಓಡಿಸಿದರೆ ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್‌ಗಳು ಅದಕ್ಕೆ ಕಾಣದೇ ಹೋಗಬಹುದು, ಎಕ್ಸ್‌ಪ್ಲೋರರಿನಿಂದ ಫೈಲ್ ಎಳೆದು ಹಾಕಲು ಬರಲ್ಲ, ಅದರಲ್ಲಿ ಏನಾದರೂ ದೋಷ ಇದ್ದರೆ ಅದಕ್ಕೂ ಪೂರ್ತಿ ಅಧಿಕಾರ ಕೊಟ್ಟ ಹಾಗಾಯಿತು. ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಒಂದಿದೆ, 2017ರಿಂದ ಇದೆ. ಅದನ್ನು ಆನ್ ಮಾಡಿದ್ದರೆ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಬರೆಯುವ ಆ್ಯಪ್‌ಗಳು ಸುಮ್ಸುಮ್ನೆ ಸೋಲುತ್ತವೆ. ಅಲ್ಲೇ ಆ ಆ್ಯಪ್‌ಗೆ ಅನುಮತಿ ಕೊಡಬಹುದು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹೆಸರು ಬರುತ್ತದೆ, ಒಂದೆರಡು ಸೆಕೆಂಡ್ ಇರುತ್ತದೆ, ಮಾಯವಾಗುತ್ತದೆ. ಪೆಟ್ಟಿಗೆ ಇಲ್ಲ, ಮಾತಿಲ್ಲ. ಅಂದರೆ ಪ್ರೋಗ್ರಾಂ ಎದ್ದಿತ್ತು, ತನ್ನ ಕೆಲಸ ಮಾಡುವಾಗ ಬಿದ್ದಿತು. "ಏನೂ ಹೇಳದೆ ಹೋಯಿತು" ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ವಿಂಡೋಸ್ ಬಹಳ ಸಲ ಬರೆದಿಟ್ಟುಕೊಂಡಿರುತ್ತದೆ. ಸ್ಟಾರ್ಟ್ ಒತ್ತಿ ಇಂಗ್ಲಿಷ್‌ನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿ, ರಿಲಯಬಿಲಿಟಿ ಹಿಸ್ಟರಿ ಬರುತ್ತದೆ. ದಿನದಿನಕ್ಕೂ ಏನು ಬಿತ್ತು, ಏನು ಹೊಸದಾಗಿ ಇನ್‌ಸ್ಟಾಲ್ ಆಯಿತು, ಯಾವ ಅಪ್‌ಡೇಟ್ ಬಂತು ಅಂತ ಒಂದೇ ಪುಟದಲ್ಲಿ. ಮಂಗಳವಾರದವರೆಗೆ ಚೆನ್ನಾಗಿತ್ತು, ಬುಧವಾರ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗಿದೆ, ಬುಧವಾರದಿಂದಲೇ ಕೆಂಪು ಗುರುತು. ಇನ್ನೇನು ಬೇಕು? ವಿಸ್ತಾ ಕಾಲದಿಂದ ಇರುವ ಸೌಲಭ್ಯ ಇದು, ತೆರೆದು ನೋಡುವವರು ಕಡಿಮೆ.

ಇನ್ನೂ ಆಳಕ್ಕೆ ಬೇಕಾದರೆ ಇವೆಂಟ್ ವ್ಯೂವರ್. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಆ್ಯಪ್ ಬಿದ್ದ ನಿಮಿಷಕ್ಕೆ ಸರಿಯಾಗಿ 1000 ಎಂಬ ಸಂಖ್ಯೆಯ ಎರರ್ ಇದೆಯಾ ನೋಡಿ. ಅದರಲ್ಲಿ ಫಾಲ್ಟಿಂಗ್ ಮಾಡ್ಯೂಲ್ ನೇಮ್ ಅಂತ ಒಂದು ಸಾಲು ಇರುತ್ತದೆ. ಯಾರ ಕೋಡ್ ಓಡುವಾಗ ಬಿತ್ತು ಅನ್ನುವುದು ಅದು. ಅಲ್ಲಿ ಎನ್‌ವಿಒಜಿಎಲ್‌ವಿ64 ಅಂತ ಇದ್ದರೆ ಎನ್‌ವಿಡಿಯಾ ಡ್ರೈವರ್ ಕಡೆ ನೋಡಿ. ಈ ಆ್ಯಪ್‌ಗೆ ಸಂಬಂಧವೇ ಇಲ್ಲದ ಯಾವುದೋ ಸಾಫ್ಟ್‌ವೇರಿನ ಡಿಎಲ್ಎಲ್ ಹೆಸರು ಇದ್ದರೆ, ಅದು ಈ ಆ್ಯಪ್ ಒಳಗೆ ನುಗ್ಗಿ ಬೀಳಿಸುತ್ತಿದೆ. ಪರದೆ ರೆಕಾರ್ಡ್ ಮಾಡುವವು, ಆಟ ಆಡುವಾಗ ಪರದೆಯ ಮೇಲೆ ವೇಗದ ಅಂಕಿ ತೋರಿಸುವವು, ಕೆಲವು ಆ್ಯಂಟಿವೈರಸ್‌ಗಳು ಹೀಗೆ ಬೇರೆಯವರ ಪ್ರೋಸೆಸ್ ಒಳಗೆ ಹೋಗಿ ಕೂರುತ್ತವೆ. ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಪರೀಕ್ಷಿಸಿ.

ಆದರೆ ಒಂದು ಎಚ್ಚರ. ಎನ್‌ಟಿಡಿಎಲ್ಎಲ್ ಅಥವಾ ಕರ್ನಲ್‌ಬೇಸ್ ಅಂತ ವಿಂಡೋಸಿನದೇ ಡಿಎಲ್ಎಲ್ ಹೆಸರು ಕಂಡರೆ ವಿಂಡೋಸೇ ಕೆಟ್ಟಿದೆ ಅಂತ ಹಾರಬೇಡಿ. ಎಲ್ಲ ಪ್ರೋಗ್ರಾಂಗಳೂ ಈ ಎರಡರ ಮೂಲಕವೇ ಹೋಗುತ್ತವೆ, ತಪ್ಪು ಬೇರೆಲ್ಲೋ ಆಗಿ ಬಯಲಾಗುವುದು ಇಲ್ಲಿ. ಪಕ್ಕದಲ್ಲೇ ಡಾಟ್‌ನೆಟ್ ರನ್‌ಟೈಮ್ ಹೆಸರಿನಲ್ಲಿ 1026 ಸಂಖ್ಯೆಯ ಇನ್ನೊಂದು ಎರರ್ ಇದ್ದರೆ ಅದನ್ನು ಓದಿ, ಅದು ಎಷ್ಟೋ ಸಲ ನೇರವಾಗಿ ಯಾವ ಫೈಲ್ ಸಿಗಲಿಲ್ಲ, ಯಾವ ಸೆಟ್ಟಿಂಗ್ಸ್ ಕೆಟ್ಟಿದೆ ಅಂತಲೇ ಹೇಳುತ್ತದೆ. ಎಕ್ಸೆಪ್ಶನ್ ಕೋಡ್ ಸಿ000001ಡಿ ಇದ್ದರೆ ಅದು ಬೇರೆಯೇ ವಿಷಯ. ಆ್ಯಪ್ ಕೊಟ್ಟ ಆದೇಶ ನಿಮ್ಮ ಪ್ರೊಸೆಸರಿಗೆ ಅರ್ಥವಾಗಲಿಲ್ಲ. ಎವಿಎಕ್ಸ್ ಅನ್ನುವ ಆದೇಶಗಳು ಇಂಟೆಲ್ ಪ್ರೊಸೆಸರುಗಳಲ್ಲಿ 2011ರಿಂದ ಬಂದವು, ಅದಕ್ಕಿಂತ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಕೇಳುವ ಹೊಸ ಆ್ಯಪ್ ಹೀಗೆ ಬೀಳುತ್ತದೆ. ಇದಕ್ಕೆ ಸೆಟ್ಟಿಂಗ್ಸಿನಲ್ಲಿ ಮದ್ದಿಲ್ಲ.

ಲಾಗ್‌ನಲ್ಲಿ ಆ್ಯಪ್‌ನ ಹೆಸರೇ ಇದ್ದರೆ? ಆಗ ನನ್ನ ಮೊದಲ ಅನುಮಾನ ಅದರ ಸೆಟ್ಟಿಂಗ್ಸ್ ಮೇಲೆ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಯಾಕೆ ಸರಿ ಹೋಗಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಆ್ಯಪ್ ಇರುವುದು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ, ಅದರ ಸೆಟ್ಟಿಂಗ್ಸ್, ಕ್ಯಾಶ್, ಪ್ಲಗಿನ್ ಪಟ್ಟಿ ಇವೆಲ್ಲ ಇರುವುದು ನಿಮ್ಮ ಯೂಸರ್ ಫೋಲ್ಡರಿನ ಒಳಗಿನ ಆ್ಯಪ್‌ಡೇಟಾದಲ್ಲಿ. ಅನ್‌ಇನ್‌ಸ್ಟಾಲ್ ಮಾಡಿದಾಗ ಮೊದಲನೆಯದು ಹೋಗುತ್ತದೆ, ಎರಡನೆಯದು ಸಾಮಾನ್ಯವಾಗಿ ಉಳಿಯುತ್ತದೆ, ನಿಮ್ಮ ಸೆಟ್ಟಿಂಗ್ಸ್ ಹೋಗಬಾರದು ಅಂತ ಬೇಕೆಂದೇ ಬಿಡುತ್ತಾರೆ. ಹೊಸ ಆ್ಯಪ್ ಎದ್ದು ಅದೇ ಕೆಟ್ಟ ಸೆಟ್ಟಿಂಗ್ಸ್ ಓದಿ ಅದೇ ಜಾಗದಲ್ಲಿ ಬೀಳುತ್ತದೆ. ಅದಕ್ಕೇ ಹೇಳುವುದು, ಆ್ಯಪ್ ತೆಗೆಯುವ ಮೊದಲು ಸೆಟ್ಟಿಂಗ್ಸ್ ಫೋಲ್ಡರಿನ ಹೆಸರು ಬದಲಾಯಿಸಿ. ಅಳಿಸಬೇಡಿ, ಹೆಸರಿನ ಕೊನೆಗೆ "ಹಳೆ" ಅಂತ ಸೇರಿಸಿ ಸಾಕು. ಆ್ಯಪ್ ತೆರೆದರೆ ಕಾರಣ ಸಿಕ್ಕಿತು, ಬೇಕಾದ ಫೈಲುಗಳನ್ನು ಒಂದೊಂದಾಗಿ ಹಿಂದಕ್ಕೆ ತನ್ನಿ. ತೆರೆಯದಿದ್ದರೆ ಹಳೆ ಹೆಸರು ವಾಪಸ್ ಇಡಿ, ಏನೂ ಕಳೆದುಕೊಳ್ಳಲಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ಆ್ಯಪ್‌ಡೇಟಾ ಅಂತ ಇಂಗ್ಲಿಷ್‌ನಲ್ಲಿ ಬರೆದರೆ ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಅದರ ಪಕ್ಕದ ಲೋಕಲ್ ಫೋಲ್ಡರಿನಲ್ಲೂ ನೋಡಿ.

ಫೋಲ್ಡರ್ ಮುಟ್ಟಲು ಭಯ ಅನ್ನುವವರಿಗೆ ಸುಲಭದ ದಾರಿ ಸೇಫ್ ಮೋಡ್. ಕಂಪ್ಯೂಟರಿನದ್ದಲ್ಲ, ಆ್ಯಪ್‌ನದ್ದು. ವರ್ಡ್ ಅಥವಾ ಎಕ್ಸೆಲ್ ತೆರೆಯುವಾಗ ಕಂಟ್ರೋಲ್ ಕೀ ಹಿಡಿದಿಟ್ಟರೆ ಸೇಫ್ ಮೋಡ್ ಬೇಕಾ ಅಂತ ಕೇಳುತ್ತವೆ. ಫೈರ್‌ಫಾಕ್ಸ್‌ಗೆ ಶಿಫ್ಟ್ ಕೀ. ಲಿಬ್ರೆಆಫೀಸ್‌ಗೂ ಸೇಫ್ ಮೋಡ್ ಇದೆ. ಹಾಗೆ ತೆರೆದರೆ ಯಾವುದೋ ಆ್ಯಡ್-ಇನ್ ಕಳ್ಳ. ಎಲ್ಲವನ್ನೂ ಆಫ್ ಮಾಡಿ, ಅರ್ಧದಷ್ಟನ್ನು ಆನ್ ಮಾಡಿ ನೋಡಿ, ಬಿದ್ದರೆ ಆ ಅರ್ಧದಲ್ಲೇ ಇದ್ದಾನೆ.

ಹೊಸ ವಿಂಡೋಸ್ ಯೂಸರ್ ಖಾತೆ ಮಾಡಿ ಅಲ್ಲಿ ಆ್ಯಪ್ ತೆರೆದು ನೋಡುವುದು ಕೂಡ ಇದೇ ಪರೀಕ್ಷೆಯ ದೊಡ್ಡ ರೂಪ. ಅಲ್ಲಿ ತೆರೆದರೆ ಆ್ಯಪ್ ಚೆನ್ನಾಗಿದೆ, ವಿಂಡೋಸ್ ಚೆನ್ನಾಗಿದೆ, ತೊಂದರೆ ನಿಮ್ಮ ಖಾತೆಯೊಳಗಿದೆ. ಹೊಸ ಖಾತೆಗೆ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಕೊಡಿ. ಯಾಕೆಂದರೆ ಕನ್ನಡದಲ್ಲಿ ಹೆಸರು ಬರೆದು ಖಾತೆ ಮಾಡಿದರೆ ಯೂಸರ್ ಫೋಲ್ಡರಿನ ಹೆಸರೂ ಕನ್ನಡದಲ್ಲೇ ಆಗಬಹುದು, ಯೂನಿಕೋಡ್ ಸರಿಯಾಗಿ ಅಳವಡಿಸಿಕೊಳ್ಳದ ಹಳೆಯ ಪ್ರೋಗ್ರಾಂಗಳು ಆ ದಾರಿಯನ್ನು ಓದಲಾಗದೆ ಬೀಳುತ್ತವೆ. ಬೇಜಾರಿನ ವಿಷಯ, ತಪ್ಪು ಆ ಪ್ರೋಗ್ರಾಂ ಬರೆದವರದ್ದೇ, ಆದರೆ ಪರದಾಡುವವರು ನಾವು ಅಲ್ವಾ.

ಕಿಟಕಿ ಬಂದು ಬೆಳ್ಳಗೆ ಅಥವಾ ಕಪ್ಪಗೆ ನಿಂತರೆ ಗ್ರಾಫಿಕ್ಸ್ ಕಡೆ ನೋಡಿ. ಕ್ರೋಮ್ ಮೇಲೆ ಕಟ್ಟಿದ ಆ್ಯಪ್‌ಗಳಾದರೆ ಶಾರ್ಟ್‌ಕಟ್‌ನ ಟಾರ್ಗೆಟ್ ಕೊನೆಗೆ ಒಂದು ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ಡಿಸೇಬಲ್-ಜಿಪಿಯು ಅಂತ ಸೇರಿಸಿ ಪರೀಕ್ಷಿಸಬಹುದು. ಸರಿ ಹೋದರೆ ಡ್ರೈವರ್ ಬದಲಾಯಿಸಿ.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಸಿ ಡ್ರೈವ್ ತುಂಬಿದ್ದರೆ ತಾತ್ಕಾಲಿಕ ಫೈಲ್ ಬರೆಯಲಾಗದೆ ಎಷ್ಟೋ ಆ್ಯಪ್ ತೆರೆಯಲ್ಲ. ತಾರೀಖು ತಪ್ಪಿದ್ದರೆ ಲೈಸೆನ್ಸ್, ಸರ್ಟಿಫಿಕೇಟ್ ಪರೀಕ್ಷೆಗಳು ಸೋಲುತ್ತವೆ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದ ಆಕಾರದ ಬ್ಯಾಟರಿ ಮುಗಿದಿದೆ. ಫೈಲ್ ಮೇಲೆ ಕ್ಲಿಕ್ ಮಾಡಿದರೆ ತೆರೆಯಲ್ಲ, ಆದರೆ ಆ್ಯಪ್ ಒಂದನ್ನೇ ತೆರೆದರೆ ತೆರೆಯುತ್ತೆ ಅಂದರೆ ಕೆಟ್ಟಿರುವುದು ಆ ಫೈಲ್ ಆಗಿರಬಹುದು, ಆ್ಯಪ್ ಅಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದ ಆ್ಯಪ್‌ಗಳಿಗೆ ಸೆಟ್ಟಿಂಗ್ಸಿನಲ್ಲೇ ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ರಿಪೇರ್, ರೀಸೆಟ್ ಗುಂಡಿಗಳಿವೆ. ರಿಪೇರ್ ಮೊದಲು, ರೀಸೆಟ್ ಆಮೇಲೆ, ಯಾಕೆಂದರೆ ರೀಸೆಟ್ ಡೇಟಾ ಅಳಿಸುತ್ತದೆ.

"ರೀಸ್ಟಾರ್ಟ್ ಮಾಡಿ ಅಂತ ನೀವು ಹೇಳಲೇ ಇಲ್ಲವಲ್ಲ?" ಅಂತ ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು, ಎಲ್ಲರೂ ನಕ್ಕರು. ರೀಸ್ಟಾರ್ಟ್ ಮಾಡಿ, ಖಂಡಿತ ಮಾಡಿ. ಆದರೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ರೀಸ್ಟಾರ್ಟ್ ಅಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗವನ್ನು, ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಆನ್ ಮಾಡಿದಾಗ ಅದನ್ನೇ ವಾಪಸ್ ತರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ದಿನಾ ಶಟ್‌ಡೌನ್ ಮಾಡುತ್ತೇನೆ, ಆದರೂ ಸರಿ ಹೋಗಲ್ಲ ಅನ್ನುವವರು ಒಮ್ಮೆ ಆ ಗುಂಡಿ ಒತ್ತಿ.

ಮ್ಯಾಕ್‌ನಲ್ಲಿ ತೆರೆಯದ ಆ್ಯಪ್‌ಗಳಲ್ಲಿ ಎಷ್ಟೋ ಗೇಟ್‌ಕೀಪರ್ ತಡೆದಿರುವಂಥವು, 2012ರಿಂದ ಇರುವ ಕಾವಲು ಅದು. "ಆ್ಯಪ್ ಕೆಟ್ಟಿದೆ, ಕಸದ ಬುಟ್ಟಿಗೆ ಹಾಕಿ" ಅಂತ ಹೇಳಿದಾಗಲೂ ಬರೀ ತಯಾರಕರ ಡಿಜಿಟಲ್ ಸಹಿ ಹೊಂದದೇ ಇರಬಹುದು. ಮೊದಲು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಓಪನ್ ಅಂದರೆ ದಾರಿ ಬಿಡುತ್ತಿತ್ತು. 2024ರ ಮ್ಯಾಕ್ ಆವೃತ್ತಿ ಸಿಕೋಯಾದಿಂದ ಆ ದಾರಿ ಮುಚ್ಚಿದೆ, ಸಿಸ್ಟಂ ಸೆಟ್ಟಿಂಗ್ಸಿನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ ಓಪನ್ ಎನಿವೇ ಒತ್ತಬೇಕು. ಇನ್ನು 32 ಬಿಟ್ ಆ್ಯಪ್‌ಗಳು 2019ರ ಆವೃತ್ತಿ ಕ್ಯಾಟಲಿನಾದಿಂದ ಓಡಲ್ಲ, ಅದಕ್ಕೆ ಏನೂ ಮಾಡುವಂತಿಲ್ಲ.

ಲಿನಕ್ಸ್‌ನವರಿಗೆ ಒಂದೇ ಮಾತು: ಟರ್ಮಿನಲ್‌ನಿಂದ ತೆರೆಯಿರಿ. ಐಕಾನ್ ಒತ್ತಿದಾಗ ಕಾಣದ ಎರರ್ ಅಲ್ಲಿ ಅಕ್ಷರಶಃ ಕಾಣುತ್ತದೆ. ಯಾವ ಲೈಬ್ರರಿ ಇಲ್ಲ ಅಂತ ಹೆಸರು ಸಮೇತ ಹೇಳುತ್ತದೆ. ಆ್ಯಪ್‌ಇಮೇಜ್ (ಇಡೀ ಆ್ಯಪ್ ಒಂದೇ ಫೈಲಿನಲ್ಲಿ ಬರುವಂಥದ್ದು) ಆದರೆ ಎಕ್ಸಿಕ್ಯೂಟ್, ಅಂದರೆ ಓಡಿಸುವ, ಅನುಮತಿ ಕೊಟ್ಟಿದ್ದೀರಾ ನೋಡಿ. ಉಬುಂಟು 22.04ರಿಂದ ಲಿಬ್‌ಫ್ಯೂಸ್2 ಅನ್ನುವ ಲೈಬ್ರರಿ ತಾನಾಗಿ ಬರಲ್ಲ, ಅದು ಇಲ್ಲದೆ ಅನೇಕ ಆ್ಯಪ್‌ಇಮೇಜ್‌ಗಳು ತೆರೆಯಲ್ಲ.

ಕೊನೆಯ ಪ್ರಶ್ನೆ ಒಬ್ಬ ಹುಡುಗನಿಂದ: "ಇಷ್ಟೆಲ್ಲ ಯಾಕೆ, ವಿಂಡೋಸ್ ಪೂರ್ತಿ ಮತ್ತೆ ಹಾಕಿಬಿಟ್ಟರೆ ಆಯ್ತಲ್ಲ?"

ಒಂದೇ ಆ್ಯಪ್ ತೆರೆಯದಿದ್ದರೆ ಅದು ಅತಿಯಾಯಿತು. ಸಂಬಂಧವಿಲ್ಲದ ನಾಲ್ಕಾರು ಆ್ಯಪ್‌ಗಳು ಒಟ್ಟಿಗೆ ತೆರೆಯದಿದ್ದರೆ, ಆಗ ವಿಂಡೋಸ್ ಫೈಲುಗಳ ಮೇಲೆ ಅನುಮಾನ ಪಡಬಹುದು. ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್ಎಫ್‌ಸಿ ಸ್ಕ್ಯಾನ್‌ನೌ, ಈ ಎರಡು ರಿಪೇರಿ ಕಮಾಂಡ್‌ಗಳನ್ನು ಈ ಕ್ರಮದಲ್ಲೇ ಓಡಿಸಿ. ಎಸ್ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತರುವುದು ವಿಂಡೋಸಿನ ಒಳಗಿನ ದಾಸ್ತಾನಿನಿಂದ, ಆ ದಾಸ್ತಾನನ್ನು ರಿಪೇರಿ ಮಾಡುವುದು ಡಿಸ್ಮ್. ಅದೂ ಆಗದಿದ್ದರೆ ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ಒಳಗೆ ವಿಂಡೋಸ್ ಅಪ್‌ಡೇಟ್ ಮೂಲಕ ಸರಿಪಡಿಸುವ ಒಂದು ರೀಇನ್‌ಸ್ಟಾಲ್ ಗುಂಡಿ ಇದೆ. ಅದು ಫೈಲು, ಆ್ಯಪ್, ಸೆಟ್ಟಿಂಗ್ಸ್ ಎಲ್ಲ ಉಳಿಸಿಕೊಂಡು ವಿಂಡೋಸನ್ನು ಮಾತ್ರ ಮತ್ತೆ ಹಾಕುತ್ತದೆ. ಅದೇ ಪುಟದಲ್ಲಿರುವ ರೀಸೆಟ್ ದಿಸ್ ಪಿಸಿ ಬೇರೆ. ಅಲ್ಲಿ ಕೀಪ್ ಮೈ ಫೈಲ್ಸ್ ಅಂತ ಆರಿಸಿದರೂ ಉಳಿಯುವುದು ಫೈಲುಗಳು ಮಾತ್ರ, ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ಹೋಗುತ್ತವೆ. ಎರಡೂ ಒಂದೇ ಪುಟದಲ್ಲಿವೆ, ಒತ್ತುವ ಮೊದಲು ಓದಿ, ಬ್ಯಾಕಪ್ ಇಟ್ಟುಕೊಂಡು ಒತ್ತಿ.